ಕೊನೆಯ ಅರ್ಧ ಇಂಚಿಗೆ ಒದಗಿದ ಕೈಗಳಿಗೆ

ನಿನ್ನೆ, ಭಾನುವಾರ ಬೆಳಿಗ್ಗೆ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ಮಾರುತಿ ಜಿಪ್ಸಿಯಲ್ಲಿ ಪುಣೆ ಬಳಿಯ ಸಿಂಹಗಡ ಕೋಟೆ ಹತ್ತಿದೆ. ಒಂಬತ್ತು ತಿಂಗಳಿಂದ ಗೇರ್‌ಬಾಕ್ಸ್ ಇಲ್ಲದೆ ಪುಣೆಯ ಕೊಥ್ರೂಡಿನ ನಮ್ಮ ಸೊಸೈಟಿಯಲ್ಲಿ ನಿಂತಿದ್ದ ಗಾಡಿ ಅದು. ಅದು ಮತ್ತೆ ಓಡುವಂತೆ ಮಾಡಿದವರಿಗೆ ಬಾಯಿಮಾತಿನಲ್ಲಿ ಕೃತಜ್ಞತೆ ಹೇಳಿದ್ದೇನೆ. ನನಗೆ ಅಷ್ಟು ಸಾಲದು, ಅದಕ್ಕೇ ಈ ಬರಹ.

ಯಲ್ಲಾಪುರದ ತೋಟಕ್ಕೆಂದು ಅಪ್ಪ 1998ರಲ್ಲಿ ಕೊಂಡ 1.3 ಲೀಟರಿನ ಜಿಪ್ಸಿ ಕಿಂಗ್ ಇದು. ಕಳೆದ ವರ್ಷ ಎರಡನೆಯ ಗೇರ್ ಹಾಕಿದಾಗಲೆಲ್ಲ ಕರಕರ ಸದ್ದು ಬರತೊಡಗಿತು, ಕ್ಲಚ್ಚೂ ಜಾರುತ್ತಿತ್ತು. ಗೇರ್‌ಬಾಕ್ಸ್ ಇಳಿಸಿ ಒಳಗಿನ ಸವೆದ ಹಿತ್ತಾಳೆಯ ಉಂಗುರ ಬದಲಿಸಿದ್ದಾಯಿತು. ಅದನ್ನು ಮತ್ತೆ ಕೂರಿಸುವ ಮೊದಲೇ ಗ್ಯಾರೇಜು ಮುಚ್ಚಿತು. ಗಾಡಿಯನ್ನೂ ಬಿಡಿಭಾಗಗಳ ಗೋಣಿಚೀಲಗಳನ್ನೂ ಮನೆಗೆ ತಂದ ದಿನ ನಾನು ಅತ್ತಿದ್ದೆ.

ನಾನಾ ಪೇಠೆಯ ಅಂಗಡಿಯ ಹಿರಿಯರೇ, ನೀವು ಹಳೆಯ ಕ್ಲಚ್ ಪ್ಲೇಟ್ ತರಿಸಿ, ಹೊಸದರ ಪಕ್ಕ ಇಟ್ಟು, ನಡುವಿನ ಹಲ್ಲುಗಳನ್ನು ಎಣಿಸಿಯೇ ಕೊಟ್ಟಿರಿ. ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗನ್ನೂ ಈಗಲೇ ಬದಲಿಸು, ಅದೊಂದಕ್ಕಾಗಿ ಮತ್ತೆ ಎಲ್ಲವನ್ನೂ ಇಳಿಸಬೇಕಾದೀತು ಎಂದಿರಿ. ಗೇರ್ ಆಯಿಲ್ ಜಿಎಲ್-4 ದರ್ಜೆಯದೇ ಇರಲಿ, ಹಿತ್ತಾಳೆಯ ಉಂಗುರಕ್ಕೆ ಅದು ಹಿತ ಎಂದು ಚೀಟಿಯಲ್ಲಿ ಬರೆದುಕೊಟ್ಟಿರಿ. ಆ ಚೀಟಿ ಈಗಲೂ ಗಾಡಿಯಲ್ಲಿದೆ.

ಎರಡನೆಯ ಮಹಡಿಯ ಗೋಕಾಕದ ಕಾಕಾ ಇಲ್ಲದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಪಿಂಪ್ರಿಯ ಕಾರ್ಖಾನೆಯಲ್ಲಿ ಬದುಕಿಡೀ ಲೇಥ್ ನಡೆಸಿದವರು. ಜಿಪ್ಸಿಯಲ್ಲಿ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿರುವುದಿಲ್ಲ, ಹಿಂದೆ ಬೇರೆಯಾಗಿ ಕೂತಿರುತ್ತದೆ, ಆದ್ದರಿಂದ ಮನೆಯಲ್ಲೇ ಎತ್ತಬಹುದು ಎಂದು ಧೈರ್ಯ ತುಂಬಿದವರು ಅವರೇ. ಕ್ಲಚ್ ಪ್ಲೇಟನ್ನು ಸರಿಯಾಗಿ ನಡುವಿಗೆ ನಿಲ್ಲಿಸಲು ತೇಗದ ಗೂಟವೊಂದನ್ನು ಕಡೆದುಕೊಟ್ಟರು. ಎರಡು ಉದ್ದನೆಯ ಬೋಲ್ಟುಗಳ ತಲೆ ಕೊಯ್ದು ಎಂಜಿನ್ನಿಗೆ ತಿರುಗಿಸಿದರು. ಗೇರ್‌ಬಾಕ್ಸ್ ಅವುಗಳ ಮೇಲೆ ಜಾರಿಕೊಂಡು ಬಂದರೆ ಅದರ ಭಾರ ಕ್ಲಚ್ ಪ್ಲೇಟಿನ ಮೇಲೆ ಬೀಳುವುದಿಲ್ಲ.

ಕೆಲಸ ಶುರು ಮಾಡಿದ ಮೇಲಿನ ಮೂರನೆಯ ಭಾನುವಾರ, ರಾತ್ರಿ ಹತ್ತು ಗಂಟೆ. ಗೇರ್‌ಬಾಕ್ಸ್ ಉದ್ದಕ್ಕೂ ಜಾರಿ ಬಂದು ಅರ್ಧ ಇಂಚು ಬಾಕಿ ಇರುವಾಗ ನಿಂತುಬಿಟ್ಟಿತು. ತೋಳು ಸೋತಿತ್ತು. ಬೋಲ್ಟ್ ಹಾಕಿ ಬಿಗಿದು ಎಳೆದುಬಿಡೋಣವೆಂದು ಪಾನಾ (ಸ್ಪ್ಯಾನರ್) ಎತ್ತಿದೆ. ಕಾಕಾ ಮಣಿಕಟ್ಟು ಹಿಡಿದರು. "ಕೆಳಗಿಡು ತಂಗಿ. ಎಳೆದರೆ ಹೌಸಿಂಗಿನ, ಅಂದರೆ ಹೊರಕವಚದ, ಕಿವಿ ಮುರಿಯುತ್ತದೆ. ಯಾಕೆ ಬರುತ್ತಿಲ್ಲ, ನೋಡೋಣ." ಲಗ್ನಪತ್ರಿಕೆಯ ರಟ್ಟೊಂದನ್ನು ಸಂದಿಯಲ್ಲಿ ತೂರಿಸಿ ಸುತ್ತಲೂ ಅಳೆದರು. ಮೇಲೆ ಸಂದಿ ಕಿರಿದು, ಕೆಳಗೆ ಅಗಲ. ಹಿಂಬದಿಯ ಆಸರೆಯಿಲ್ಲದೆ ಎಂಜಿನ್ ಬಾಗಿತ್ತು. ಎಣ್ಣೆಯ ತೊಟ್ಟಿಯ ಕೆಳಗೆ ಹಲಗೆ ಕೊಟ್ಟು ಇನ್ನೊಂದು ಜ್ಯಾಕಿನಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎತ್ತುತ್ತ, ಸಂದಿ ಸುತ್ತಲೂ ಒಂದೇ ಸಮ ಆಗುವ ತನಕ ಅವರು ಅವಸರಿಸಲಿಲ್ಲ. ಆಮೇಲೆ ಟಾಪ್ ಗೇರಿಗೆ ಹಾಕಿ, ಹಿಂದೆ ಮಲಗಿದ್ದ ನನ್ನ ಭಾವನಿಗೆ ಶಾಫ್ಟಿನ ತುದಿಯನ್ನು ಮೆಲ್ಲಗೆ ತಿರುಗಿಸಲು ಹೇಳಿದರು. ಹಲ್ಲಿಗೆ ಹಲ್ಲು ಸಿಕ್ಕಿತು. ಗೇರ್‌ಬಾಕ್ಸ್ ನಮ್ಮ ಅಂಗೈಯ ಒತ್ತಡಕ್ಕೇ ಒಳಗೆ ಹೋಗಿ ಕೂತಿತು. ಆ ಕ್ಷಣಕ್ಕೆ ನಾನು ಜನ್ಮವಿಡೀ ಋಣಿ.

ನೆಲಮಹಡಿಯ ಅಜ್ಜಿ ಮೂರು ವಾರ ನಮ್ಮ ಸದ್ದು ಸಹಿಸಿಕೊಂಡು ಚಹಾ ಕಳಿಸಿದರು. ಅವರ ಕಿಟಕಿಯಿಂದಲೇ ದೀಪಕ್ಕೆ ವೈರ್ ಎಳೆದಿದ್ದೆವು. ಭಾವನ ಬೆನ್ನು ಇನ್ನೂ ನೋಯುತ್ತಿದೆ.

ಅಪ್ಪನ ಕೈ ಈಗ ನಡುಗುತ್ತದೆ, ಪಾನಾ ಹಿಡಿಯಲಾಗದು. ಅವರು ಕುರ್ಚಿಯಲ್ಲಿ ಕೂತು, ರಟ್ಟಿನ ಮೇಲೆ ಹೌಸಿಂಗಿನ ಆಕಾರ ಬರೆದು, ಉದ್ದ ಗಿಡ್ಡ ನೋಡಿ ಒಂದೊಂದು ಬೋಲ್ಟನ್ನೂ ಅದರದರ ತೂತಿನಲ್ಲಿ ಸಿಕ್ಕಿಸಿಟ್ಟಿದ್ದರು. ಒಂದೂ ಅದಲುಬದಲಾಗಲಿಲ್ಲ. ಸಿಂಹಗಡದ ಘಾಟಿಯ ತಿರುವಿನಲ್ಲಿ ಎರಡನೆಯ ಗೇರಿಗೆ ಇಳಿಸಿದಾಗ ಕಿವಿಗೊಟ್ಟು ಕೇಳಿದರು. ಸದ್ದಿರಲಿಲ್ಲ. "ಹ್ಞೂಂ, ಹೋಗು" ಎಂದರು.

ತೇಗದ ಗೂಟ ಮತ್ತು ತಲೆ ಕೊಯ್ದ ಆ ಎರಡು ಬೋಲ್ಟುಗಳು ನನ್ನ ಬಳಿ ಇವೆ. ಪುಣೆಯಲ್ಲಿ ಯಾರಾದರೂ ಜಿಪ್ಸಿಯ ಗೇರ್‌ಬಾಕ್ಸ್ ಕೂರಿಸುವವರಿದ್ದರೆ ದಯವಿಟ್ಟು ಕೇಳಿ. ಕೇಳಿದವರಿಗೆ ಕೊಡು ಎಂದು ಕಾಕಾ ಹೇಳಿದ್ದಾರೆ.