‘ಗಿಫ್ಟ್’ ಕಾಕತಾಳೀಯವಲ್ಲ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಬಂದ ಭಾಷಾ ಸ್ವಾರಸ್ಯದ ಬರಹ ಓದಿದೆ. ಇಂಗ್ಲಿಷಿನಲ್ಲಿ ಉಡುಗೊರೆಯಾದ ‘ಗಿಫ್ಟ್’ ಜರ್ಮನ್ ಭಾಷೆಯಲ್ಲಿ ವಿಷ; ಸ್ವೀಡಿಷ್, ಡೇನಿಷ್‌ಗಳಲ್ಲಿ ವಿಷವೂ ಹೌದು, ‘ಮದುವೆಯಾದ’ ಎಂಬ ಅರ್ಥವೂ ಉಂಟು ಎಂದು ಲೇಖಕರು ಹೇಳಿದ್ದಾರೆ. ನಿಜವೇ. ಆದರೆ ‘ಇದೆಲ್ಲ ಬರೀ ಕಾಕತಾಳೀಯ’ ಎಂದು ಕೈತೊಳೆದುಕೊಂಡಿರುವುದು ಸರಿಯಲ್ಲ. ಮೂರೂ ಅರ್ಥಗಳ ಬೇರು ಒಂದೇ: ‘ಕೊಡು’ ಎಂಬ ಕ್ರಿಯಾಪದ. ಇಂಗ್ಲಿಷಿನ ‘ಗಿವ್’, ಜರ್ಮನ್ನಿನ ‘ಗೇಬೆನ್’ ಅದೇ.

ಮದುವೆಯ ಅರ್ಥ ಬಂದದ್ದು ಹೇಗೆಂದು ನಮಗೆ ಬಿಡಿಸಿ ಹೇಳಬೇಕಿಲ್ಲ. ‘ಮಗಳನ್ನು ಯಾವ ಊರಿಗೆ ಕೊಟ್ಟಿರಿ?’ ಎಂದು ಇಂದಿಗೂ ಕೇಳುವವರು ನಾವು. ಜರ್ಮನ್, ಇಂಗ್ಲಿಷ್‌ಗಳಿಗೆ ನಂಟಿದ್ದು ಈಗ ಅಳಿದುಹೋಗಿರುವ ಗಾಥಿಕ್ ನುಡಿಯ 4ನೇ ಶತಮಾನದ ಬೈಬಲ್‌ನಲ್ಲಿ ಯೋಸೇಫನಿಗೂ ಮರಿಯಳಿಗೂ ನಿಶ್ಚಯವಾಗಿತ್ತು ಎನ್ನುವ ಕಡೆ ಬರುವ ಪದ ‘ಫ್ರಗಿಫ್ಟ್ಸ್’. ಹಳೆಯ ಇಂಗ್ಲಿಷಿನಲ್ಲೂ ‘ಗಿಫ್ಟ್’ ಪದ ಹೆಣ್ಣಿಗೆ ಕಟ್ಟುವ ತೆರಕ್ಕೆ ಸಲ್ಲುತ್ತಿತ್ತು. ಬಹುವಚನದಲ್ಲಿ ಹೇಳಿದರೆ ಮದುವೆ. ಆಗ ಉಚ್ಚಾರ ಸುಮಾರಾಗಿ ‘ಯಿಫ್ಟ್’. ಇಂದಿನ ‘ಗ’ಕಾರ ಇಂಗ್ಲೆಂಡಿನಲ್ಲಿ ನೆಲೆಸಿದ ವೈಕಿಂಗರ ನಾರ್ಸ್ ನುಡಿಯ ಕೊಡುಗೆ.

ವಿಷದ ಕಥೆ ಇನ್ನೂ ಸ್ವಾರಸ್ಯದ್ದು. ಗ್ರೀಕಿನ ‘ದೋಸಿಸ್’ ಎಂದರೆ ಕೊಡುವುದು. ವೈದ್ಯರ ಬಾಯಲ್ಲಿ ಅದು ಒಂದು ಸಲಕ್ಕೆ ಕೊಡುವ ಔಷಧಿಯ ಅಳತೆಯಾಯಿತು. (ನಮ್ಮ ‘ದಾನ’ವೂ ಈ ‘ಡೋಸ್’ ಕೂಡ ದಾಯಾದಿಗಳು.) ಲ್ಯಾಟಿನ್ ಮೂಲಕ ಬಂದ ಈ ಪದಕ್ಕೆ ಜರ್ಮನ್ನರು ತಮ್ಮಲ್ಲೇ ಇದ್ದ ‘ಗಿಫ್ಟ್’ ಅನ್ನು ಹೊಂದಿಸಿಕೊಂಡರು. ವಿಷವನ್ನು ವಿಷ ಎನ್ನಲು ಅಳುಕಿ ‘ಕೊಟ್ಟದ್ದು’ ಎನ್ನುತ್ತ ಎನ್ನುತ್ತ ಆ ಅರ್ಥವೇ ಗಟ್ಟಿಯಾಯಿತು. ನಮ್ಮ ‘ಮದ್ದು’ ನೋಡಿ. ಜ್ವರಕ್ಕೆ ಕೊಡುವುದೂ ಮದ್ದೇ. ಆದರೆ ‘ಅವನಿಗೆ ಯಾರೋ ಮದ್ದು ಹಾಕಿದ್ದಾರಂತೆ’ ಎಂದು ಮಲೆನಾಡಿನಲ್ಲಿ ದನಿ ತಗ್ಗಿಸಿ ಹೇಳಿದರೆ ಅದು ಡಾಕ್ಟರ ಮಾತಲ್ಲ.

ಜರ್ಮನ್ನಿನಲ್ಲಿ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ವಧು ತರುವ ವರದಕ್ಷಿಣೆ ಇಂದಿಗೂ ‘ಮಿಟ್‌ಗಿಫ್ಟ್’, ಇಲಿಪಾಷಾಣ ‘ರಾಟನ್‌ಗಿಫ್ಟ್’. ಮೊದಲನೆಯದು ಸ್ತ್ರೀಲಿಂಗ, ಎರಡನೆಯದು ನಪುಂಸಕ. ವರದಕ್ಷಿಣೆಯಲ್ಲೇ ವಿಷವಿದೆ ಎಂದು ಯಾರಾದರೂ ಭಾಷಣಕ್ಕೆ ಬಳಸಿಕೊಂಡರೆ ನನ್ನದೇನೂ ತಕರಾರಿಲ್ಲ. ಪದದ ಚರಿತ್ರೆ ಮಾತ್ರ ಹಾಗಿಲ್ಲ. ಡಚ್ಚರು ಕೊಡುಗೆಗೆ ‘ಗಿಫ್ಟ್’ ಇಟ್ಟುಕೊಂಡು, ವಿಷಕ್ಕೆ ಕೊನೆಯ ‘ಟ್’ ಕಿತ್ತುಹಾಕಿ ‘ಗಿಫ್’ ಎಂದು ಬರೆಯುತ್ತಾರೆ. ‘ವಿಷಕಾರಿ’ ಎನ್ನುವಾಗ ಆ ‘ಟ್’ ಮತ್ತೆ ಹಾಜರು.

ಸ್ವೀಡನ್ನಿನಲ್ಲಿ ಹೆಂಡತಿಯನ್ನೂ ವಿಷವನ್ನೂ ಸೇರಿಸಿ ಹಾಸ್ಯ ಮಾಡುವುದು ಹಳೆಯ ಚಾಳಿ. ಅಲ್ಲಿ ಮದುವೆಯ ಅರ್ಥ ನೆಲದ್ದು. ವಿಷದ ಅರ್ಥ ಮಧ್ಯಯುಗದಲ್ಲಿ ಉತ್ತರ ಜರ್ಮನಿಯ ನುಡಿಯಿಂದ ಬಂದದ್ದು. ಐಸ್‌ಲ್ಯಾಂಡಿನವರು ವಿಷಕ್ಕೆ ತಮ್ಮ ಹಳೆಯ ‘ಎಯ್‌ಟುರ್’ ಪದವನ್ನೇ ಉಳಿಸಿಕೊಂಡಿರುವುದರಿಂದ ಅವರಿಗೆ ಈ ಗೊಂದಲವೇ ಇಲ್ಲ.

ಕೆಲಸಕ್ಕೆಂದು ಜರ್ಮನ್ ಕಲಿಯುತ್ತಿರುವ ನಮ್ಮ ನರ್ಸುಗಳು, ಎಂಜಿನಿಯರುಗಳೂ ಪುರವಣಿಯ ಓದುಗರು. ಇಂಥ ಬರಹ ಕಳಿಸುವ ಮುನ್ನ ಒಂದು ವ್ಯುತ್ಪತ್ತಿ ಕೋಶವನ್ನಾದರೂ ತೆರೆದು ನೋಡಿ ಎಂದು ಲೇಖಕರಿಗೆ ತಾವು ತಿಳಿಸಬೇಕು.

– ನಿವೃತ್ತ ಭಾಷಾ ಶಿಕ್ಷಕ, ಮೈಸೂರು