ಪಾಟೀಸವಾಲು ಕಾಣದ ವರದಿ

ಹಾಸನ

ಚಿ. ಸೌ. ಸುಮಾಳಿಗೆ ನಿನ್ನ ತಂದೆ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ನೀನು ಸ್ಯಾನ್ ಹೊಸೆಯಲ್ಲಿ ಮನೆಯ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಸೇರಿ ಅಪರಾಧ ನ್ಯಾಯದ ಎರಡು ವರ್ಷಗಳ ಓದನ್ನು ಆರಂಭಿಸಿರುವ ವಿಷಯ ತಿಳಿದು ನಿನ್ನ ತಾಯಿಗೆ ಸ್ವಲ್ಪ ಗಾಬರಿಯಾಗಿದೆ, ನನಗೆ ಸಂತೋಷವಾಗಿದೆ. ನಿನ್ನ ದೊಡ್ಡಪ್ಪನವರು ಮಾತ್ರ, ಬಿ.ಕಾಂ. ಮುಗಿಸಿ ಇಬ್ಬರು ಮಕ್ಕಳ ತಾಯಿಯಾದ ಮೇಲೆ ಈ ಪೊಲೀಸ್ ವಿದ್ಯೆ ಏಕೆ, ಅದೂ ಕೇಳಿದವರಿಗೆಲ್ಲ ಸೀಟು ಕೊಡುವ ಕಾಲೇಜಿನಲ್ಲಿ ಏಕೆ ಎಂದು ಕೇಳಿದರು. ಕೇಳಿದವರಿಗೆಲ್ಲ ಸೀಟು ಕೊಡುವುದೇ ಆ ಕಾಲೇಜುಗಳ ಉದ್ದೇಶ ಎಂದು ನಾನು ಅವರಿಗೆ ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ ಅಂತಹ 116 ಸಾರ್ವಜನಿಕ ಕಾಲೇಜುಗಳಿದ್ದು, ರಾಜ್ಯದ ನಿವಾಸಿಗಳಿಗೆ ಪಾಠದ ಒಂದು ಯೂನಿಟ್‌ಗೆ 46 ಡಾಲರ್ ಶುಲ್ಕವಿರುವುದರಿಂದ, 60 ಯೂನಿಟ್‌ಗಳ ಪದವಿಗೆ ಪುಸ್ತಕದ ಖರ್ಚು ಬಿಟ್ಟರೆ ಮೂರು ಸಾವಿರ ಡಾಲರ್ ಸಹ ಆಗುವುದಿಲ್ಲ. ವರ್ಗಾವಣೆಗೆಂದೇ ರೂಪಿಸಿದ ಪದವಿಯನ್ನು ಪಡೆದವರಿಗೆ ರಾಜ್ಯ ವಿಶ್ವವಿದ್ಯಾಲಯ ವ್ಯವಸ್ಥೆಯಲ್ಲಿ ಮೂರನೆಯ ವರ್ಷಕ್ಕೆ ಪ್ರವೇಶ ಖಾತರಿ ಎಂದು 2010ರ ಕಾನೂನು ಹೇಳುತ್ತದೆ. ಲೆಕ್ಕ ಕೇಳಿದ ಮೇಲೆ ದೊಡ್ಡಪ್ಪನವರು ಮಾತು ಬದಲಿಸಿದರು.

ಈ ಓದು ಅಲ್ಲಿ ತೀರಾ ಹಳೆಯದೂ ಅಲ್ಲ. ನಿಮ್ಮ ಊರಿಗೆ ದೂರವಿಲ್ಲದ ಬರ್ಕ್ಲಿಯಲ್ಲಿ ಪೊಲೀಸ್ ಪಡೆಯನ್ನು ಮುನ್ನಡೆಸಿದ ಆಗಸ್ಟ್ ವೋಲ್ಮರ್ 1908ರಲ್ಲಿಯೇ ತಮ್ಮ ಸಿಬ್ಬಂದಿಗಾಗಿ ಶಾಲೆ ತೆರೆದಿದ್ದರು. ಆದರೆ ಊರೂರಿನ ಕಾಲೇಜುಗಳಿಗೆ ಈ ವಿಷಯ ಬಂದದ್ದು 1967ರಲ್ಲಿ ಅಧ್ಯಕ್ಷರ ಆಯೋಗವೊಂದು ಪೊಲೀಸರಿಗೆ ಕಾಲೇಜು ಶಿಕ್ಷಣ ಬೇಕೆಂದು ಶಿಫಾರಸು ಮಾಡಿ, ಮರುವರ್ಷದ ಕಾಯ್ದೆಯ ಮೂಲಕ ಅದಕ್ಕೆ ಕೇಂದ್ರದ ಹಣ ಹರಿದ ನಂತರ.

ನಾನು ಈ ಪತ್ರ ಬರೆಯುವುದಕ್ಕೆ ಬೇರೊಂದು ಕಾರಣವಿದೆ. ನೀನು ಕಳುಹಿಸಿದ ಪಠ್ಯಪಟ್ಟಿಯಲ್ಲಿ ಅಪರಾಧಶಾಸ್ತ್ರ, ಸಾಕ್ಷ್ಯ ಕಾನೂನು, ತನಿಖಾ ವಿಧಾನಗಳ ಜೊತೆಗೆ ವರದಿ ಬರವಣಿಗೆ ಎಂಬುದೊಂದು ಐಚ್ಛಿಕ ವಿಷಯವಿದ್ದು, ಅದು ನೀರಸವೆಂದು ಸಹಪಾಠಿಗಳು ಹೇಳುವುದರಿಂದ ಬಿಟ್ಟುಬಿಡುವ ಯೋಚನೆ ಇದೆ ಎಂದು ಬರೆದಿದ್ದೀಯೆ. ದಯವಿಟ್ಟು ಬಿಡಬೇಡ. ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು, ಬೇರೆಯವರು ಬರೆದ ಕಾಗದಗಳನ್ನು ಕಡತಕ್ಕೆ ಸೇರಿಸುತ್ತಲೇ ಆಯುಷ್ಯ ಕಳೆದವನು ಹೇಳುತ್ತಿದ್ದೇನೆ ಎಂದು ಕೇಳು.

ನಾನು ಕೆಲಸ ಮಾಡಿದ ತಾಲ್ಲೂಕೊಂದರಲ್ಲಿ ಪಂಪ್‌ಸೆಟ್ ಕಳವಿನ ಪ್ರಕರಣ ನಡೆಯಿತು. ಮಹಜರಿನಲ್ಲಿ ತೋಟದ ಹೆಸರು, ಸರ್ವೆ ನಂಬರು, ಚೆಕ್ಕುಬಂದಿ, ಪಂಚರ ಸಹಿ ಎಲ್ಲವೂ ಕ್ರಮವಾಗಿದ್ದವು. ಸ್ಥಳದಲ್ಲಿಯೇ ರಾತ್ರಿ ಏಳೂವರೆಯಿಂದ ಎಂಟೂವರೆಯವರೆಗೆ ವಿದ್ಯುತ್ ದೀಪದ ಬೆಳಕಿನಲ್ಲಿ ಬರೆದುದಾಗಿಯೂ ನಮೂದಾಗಿತ್ತು. ಆರೋಪಿಯ ಪರ ವಕೀಲರು ಪಾಟೀಸವಾಲಿನಲ್ಲಿ ಪಂಚನನ್ನು ಕೇಳಿದ್ದು ಒಂದೇ ಪ್ರಶ್ನೆ: ಆ ತೋಟದಲ್ಲಿ ದೀಪದ ಕಂಬ ಎಲ್ಲಿದೆ? ಕಂಬ ಇರಲಿಲ್ಲ. ಠಾಣೆಯಲ್ಲಿ ಬರೆದ ಕಾಗದಕ್ಕೆ ಅಲ್ಲಿಯೇ ಸಹಿ ಹಾಕಿದೆನೆಂದು ಪಂಚ ಒಪ್ಪಿಕೊಂಡ, ಆರೋಪಿ ಖುಲಾಸೆಯಾದ. ಅವನು ಕದ್ದಿದ್ದನೋ ಇಲ್ಲವೋ ಎಂಬುದು ಇಂದಿಗೂ ಯಾರಿಗೂ ತಿಳಿಯದು. ಮುದ್ದೇಮಾಲು ಮಾತ್ರ ಬಹಳ ದಿನ ನಮ್ಮ ಕೊಠಡಿಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಾ ಬಿದ್ದಿತ್ತು.

ನಿನ್ನ ಪುಸ್ತಕದಲ್ಲಿ ಬರುವ ಮಿರಾಂಡಾ ಪ್ರಕರಣವನ್ನು ನಾನು ಈ ಕಣ್ಣಿನಿಂದಲೇ ಓದಿದೆ. 1963ರಲ್ಲಿ ಅರಿಝೋನಾದ ಫೀನಿಕ್ಸ್ ನಗರದಲ್ಲಿ ಅರ್ನೆಸ್ಟೋ ಮಿರಾಂಡಾ ಎಂಬುವನು ಎರಡು ಗಂಟೆಗಳ ವಿಚಾರಣೆಯ ನಂತರ ತಪ್ಪೊಪ್ಪಿಗೆ ಬರೆದುಕೊಟ್ಟನು. ಅದನ್ನು ಬರೆದ ಹಾಳೆಯ ಮೇಲ್ಭಾಗದಲ್ಲಿ, ತನ್ನ ಕಾನೂನುಬದ್ಧ ಹಕ್ಕುಗಳನ್ನೆಲ್ಲ ಅರಿತು ಸ್ವಇಚ್ಛೆಯಿಂದ ಹೇಳುತ್ತಿದ್ದೇನೆ ಎಂಬ ಅರ್ಥದ ಸಾಲುಗಳು ಮೊದಲೇ ಬೆರಳಚ್ಚಾಗಿದ್ದವು. ವಕೀಲರನ್ನು ಹೊಂದುವ ಹಕ್ಕಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. 1966ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ ಆ ಶಿಕ್ಷೆಯನ್ನು ರದ್ದುಪಡಿಸಿತು. ಮರುವರ್ಷ ಆ ತಪ್ಪೊಪ್ಪಿಗೆಯ ಹಂಗಿಲ್ಲದೆ ವಿಚಾರಣೆ ನಡೆದು ಅವನಿಗೆ ಮತ್ತೆ ಶಿಕ್ಷೆಯಾಯಿತು ಎಂಬುದನ್ನೂ ಓದು. ಅಂದರೆ ಬೇರೆ ಸಾಕ್ಷ್ಯದಿಂದಲೇ ಗೆಲ್ಲಬಹುದಾಗಿದ್ದ ಪ್ರಕರಣದಲ್ಲಿ ಅಷ್ಟೆಲ್ಲ ತೊಡಕು ತಂದದ್ದು, ಹಕ್ಕುಗಳನ್ನು ಹೇಳದೆ ಮೊದಲೇ ಅಚ್ಚಾಗಿದ್ದ ಸಾಲುಗಳನ್ನು ನೆಚ್ಚಿಕೊಂಡದ್ದು.

ನಮ್ಮಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನಲ್ಲಿದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಅಧಿನಿಯಮದ 23ನೇ ಕಲಮಾಗಿ ಮುಂದುವರಿದಿದೆ. ನಿಮ್ಮಲ್ಲಿ ಹಾಗಿಲ್ಲ, ಮೌನವಾಗಿರುವ, ವಕೀಲರನ್ನು ಹೊಂದುವ ಹಕ್ಕುಗಳಿವೆ ಎಂಬ ಎಚ್ಚರಿಕೆಯ ಮಾತುಗಳನ್ನು ಹೇಳಿದ ಮೇಲೆ ಸ್ವಇಚ್ಛೆಯಿಂದ ಹೇಳಿದ್ದೆಲ್ಲ ಸಾಕ್ಷ್ಯವೇ. ಅಲ್ಲಿಯ ಕಾನೂನು ಪೊಲೀಸರ ಬರವಣಿಗೆಯನ್ನು ನಮ್ಮ ಕಾನೂನಿಗಿಂತ ಹೆಚ್ಚು ನಂಬುತ್ತದೆ ಎಂದು ನನಗೆ ತೋರುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ನಾನು ನಿಮ್ಮಲ್ಲಿಗೆ ಬಂದಿದ್ದಾಗ, ಹಳೆಯ ಅಭ್ಯಾಸ ಬಿಡಲಾರದೆ, ಕೌಂಟಿ (ಜಿಲ್ಲಾ) ನ್ಯಾಯಾಲಯದಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತು ಕಲಾಪ ನೋಡುತ್ತಿದ್ದುದು ನಿನಗೆ ನೆನಪಿರಬಹುದು. ಸಾಮಾನ್ಯ ನಾಗರಿಕರೇ ಕುಳಿತು ತೀರ್ಪು ಹೇಳುವ ಜ್ಯೂರಿಯನ್ನು ನೋಡಲು ನಾನು ಹೋಗಿದ್ದೆ. ನೋಡಿದ್ದು, ಸರ್ಕಾರಿ ವಕೀಲರೊಡನೆ ಒಪ್ಪಂದ ಮಾಡಿಕೊಂಡು, ವಿಚಾರಣೆಯಿಲ್ಲದೆಯೇ ನ್ಯಾಯಾಧೀಶರ ಮುಂದೆ ತಪ್ಪು ಒಪ್ಪಿಕೊಳ್ಳುವವರ ಸರದಿ. ನ್ಯಾಯಾಧೀಶರು ಪ್ರತಿಯೊಬ್ಬನನ್ನೂ, ಜ್ಯೂರಿ ವಿಚಾರಣೆಯ ಹಕ್ಕನ್ನು, ಸಾಕ್ಷಿಗಳನ್ನು ಎದುರಿಸುವ ಹಕ್ಕನ್ನು, ಮೌನವಾಗಿರುವ ಹಕ್ಕನ್ನು ಬಿಟ್ಟುಕೊಡುತ್ತಿರುವುದು ಗೊತ್ತೇ ಎಂದು ಕೇಳುತ್ತಿದ್ದರು, ನೀವು ಅಮೆರಿಕದ ಪೌರರಲ್ಲದಿದ್ದರೆ ಇದರಿಂದ ಗಡೀಪಾರಾಗಬಹುದು ಎಂದು ಎಚ್ಚರಿಸುತ್ತಿದ್ದರು, ಅವನು ಪ್ರತಿ ಪ್ರಶ್ನೆಗೂ ‘ಯೆಸ್’ ಎನ್ನುತ್ತಿದ್ದನು. ಆ ದೇಶದಲ್ಲಿ ರಾಜ್ಯ ನ್ಯಾಯಾಲಯಗಳ ಶಿಕ್ಷೆಗಳಲ್ಲಿ ಶೇ. 94ರಷ್ಟು ಹೀಗೆ ನ್ಯಾಯಾಲಯದಲ್ಲಿ ತಪ್ಪು ಒಪ್ಪಿಕೊಳ್ಳುವುದರಿಂದಲೇ ಆಗುತ್ತವೆಂದು ಅಲ್ಲಿಯ ಸುಪ್ರೀಂ ಕೋರ್ಟೇ 2012ರ ತೀರ್ಪೊಂದರಲ್ಲಿ ಹೇಳಿದೆ. ಪಂಪ್‌ಸೆಟ್ ಪ್ರಕರಣದ ಕಂಬವನ್ನು ಅಲ್ಲಿ ಕೇಳುವವರು ಯಾರು? ಸರ್ಕಾರಿ ವಕೀಲರು ಯಾವ ಆರೋಪ ಹೊರಿಸಬೇಕೆಂದು ನಿರ್ಧರಿಸುವುದು, ಆರೋಪಿಯ ವಕೀಲರು ಒಪ್ಪಿಕೊಳ್ಳುವುದು ಲೇಸೆಂದು ಸಲಹೆ ಕೊಡುವುದು, ಹೆಚ್ಚಿನಂಶ ಒಬ್ಬ ಅಧಿಕಾರಿ ಬರೆದ ವರದಿಯನ್ನು ಓದಿ. ಬರೆದವನು ಸಾಕ್ಷಿಕಟ್ಟೆ ಹತ್ತುವುದೇ ಇಲ್ಲ. ನಾಳೆ ಆ ವರದಿಯನ್ನು ಬರೆಯುವವಳು ನೀನಾಗಬಹುದು ಎಂಬ ಕಾರಣಕ್ಕೆ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಆದ್ದರಿಂದ ಆ ತರಗತಿಯಲ್ಲಿ ಕಂಡದ್ದನ್ನು ಕಂಡಂತೆ ಬರೆಯುವುದನ್ನು ಕಲಿ. ಕೇಳಿದ್ದನ್ನು ಯಾರಿಂದ ಕೇಳಿದೆಯೆಂದು ಹೇಳಿ ಬರೆ. ‘ಅನುಮಾನಾಸ್ಪದವಾಗಿ ವರ್ತಿಸಿದನು’ ಎಂದು ಬರೆಯುವ ಬದಲು ಅವನು ಕೈಯನ್ನು ಎಲ್ಲಿಟ್ಟಿದ್ದನು, ಯಾವ ಕಡೆ ನಡೆದನು ಎಂದು ಬರೆ. ಆರೋಪಿಗೆ ಅನುಕೂಲವಾಗುವ ಸಂಗತಿ ಕಂಡರೆ ಅದನ್ನು ಮೊದಲು ಬರೆ. 1963ರ ಬ್ರೇಡಿ ಪ್ರಕರಣದ ನಂತರ ಅಂಥದ್ದನ್ನು ಪ್ರತಿವಾದಿಗೆ ಒದಗಿಸುವುದು ಸರ್ಕಾರದ ಕರ್ತವ್ಯ, ಮತ್ತು ಸುಳ್ಳು ಬರೆದು ಸಿಕ್ಕಿಬಿದ್ದ ಅಧಿಕಾರಿಗಳ ಪಟ್ಟಿಯನ್ನು ಅಭಿಯೋಜಕರ ಕಚೇರಿಗಳು ಇಟ್ಟುಕೊಳ್ಳುತ್ತವೆಂದು ಓದಿದ್ದೇನೆ.

ಯಾವ ಉದ್ಯೋಗ ಎಂಬುದು ನಿನ್ನ ನಿರ್ಧಾರ. ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಪೊಲೀಸ್ ಅಧಿಕಾರಿಯಾಗಲು ಪೌರತ್ವ ಕಡ್ಡಾಯವಲ್ಲ, ಕೆಲಸ ಮಾಡುವ ಕಾನೂನುಬದ್ಧ ಅನುಮತಿ ಇದ್ದರೆ ಸಾಕು ಎಂದು ಅಳಿಯಂದಿರು ವಿವರಿಸಿದರು. ನಿನ್ನ ಗ್ರೀನ್ ಕಾರ್ಡಿಗೆ ಅದು ಅಡ್ಡಿಯಲ್ಲ. ಸೊಂಟದಲ್ಲಿ ಪಿಸ್ತೂಲು ಕಟ್ಟಿಕೊಂಡ ನಿನ್ನನ್ನು ಊಹಿಸಿಕೊಳ್ಳಲು ನಿನ್ನ ತಾಯಿಗೆ ಆಗುತ್ತಿಲ್ಲ, ನಿಜ ಹೇಳಬೇಕೆಂದರೆ ನನಗೂ ಕಷ್ಟ. ನನ್ನ ಒಲವು, ಅಪರಾಧಿಯನ್ನು ಜೈಲಿಗೆ ಕಳುಹಿಸದೆ ಉಸ್ತುವಾರಿಯಲ್ಲಿಡುವ ಪ್ರೊಬೇಷನ್ ಅಧಿಕಾರಿಯ ಕೆಲಸದ ಕಡೆಗಿದೆ. ಶಿಕ್ಷೆ ವಿಧಿಸುವ ಮುನ್ನ ಅಪರಾಧಿಯ ಮನೆ, ದುಡಿಮೆ, ಹಿನ್ನೆಲೆ ವಿಚಾರಿಸಿ ನ್ಯಾಯಾಧೀಶರಿಗೆ ವರದಿ ಕೊಡುವವರು ಅವರೇ. ನಮ್ಮಲ್ಲಿಯೂ 1958ರಿಂದ ಪ್ರೊಬೇಷನ್ ಕಾಯ್ದೆ ಇದೆ. ನನ್ನ ಸೇವಾವಧಿಯಲ್ಲಿ ಅಂತಹ ವರದಿಗಳು ಬಂದದ್ದು ಬಹಳ ಅಪರೂಪ. ಅನೇಕ ಕೌಂಟಿಗಳು ಆ ಹುದ್ದೆಗೆ ಪದವಿ ಕೇಳುವುದರಿಂದ, ನಿನ್ನ ಬಿ.ಕಾಂ.ಗೆ ಅಲ್ಲಿ ಮಾನ್ಯತೆ ಸಿಗುವುದೇ ಎಂದು ಕಾಲೇಜಿನ ಸಲಹೆಗಾರರನ್ನು ಈಗಲೇ ವಿಚಾರಿಸು. ಅಂಕಪಟ್ಟಿಗಳನ್ನು ವಿಶ್ವವಿದ್ಯಾಲಯದಿಂದ ಮುಚ್ಚಿದ ಲಕೋಟೆಯಲ್ಲಿ ತರಿಸಬೇಕಾದರೆ ಮೈಸೂರಿಗೆ ನಾನೇ ಹೋಗಿಬರುತ್ತೇನೆ.

ವರದಿ ಬರವಣಿಗೆಯ ತರಗತಿಗೆ ಸೇರಿದರೆ ನಿನ್ನ ಮೊದಲ ವರದಿಯನ್ನು, ಅಂಕ ಎಷ್ಟೇ ಬಂದಿರಲಿ, ತಿದ್ದದೆ ನನಗೆ ಕಳುಹಿಸು. ಆರೋಪಿಯ ಪರ ವಕೀಲರು ಕೇಳಬಹುದಾದ ಪ್ರಶ್ನೆಗಳನ್ನು ಅಂಚಿನಲ್ಲಿ ಬರೆದು ವಾಪಸು ಮಾಡುತ್ತೇನೆ, ಉತ್ತರ ಕೊಡಲು ಸಿದ್ಧಳಾಗಿರು. ಅಳಿಯಂದಿರಿಗೂ ಮಕ್ಕಳಿಗೂ ನಮ್ಮ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ತಂದೆ