ಹೂಟಗಳ್ಳಿಯಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಮಾತು: "ಹೂಟಗಳ್ಳಿ ಕಡೆ ಮನೆ ತಗೊಂಡ್ರೆ ಹೇಗೋ?" ತಗೋ ಅಥವಾ ಬೇಡ ಅಂತ ಅಲ್ಲೇ ಹೇಳಬಹುದಿತ್ತು. ಆದರೆ ನಾನು ದಿನಾ ಬದುಕುವ ಊರಿನ ಬಗ್ಗೆ ಹಾಗೆ ಒಂದು ಮಾತಿನಲ್ಲಿ ತೀರ್ಪು ಕೊಡಲು ಮನಸ್ಸು ಬರಲಿಲ್ಲ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ನಿನ್ನ ಹಾಗೇ ಬೆಂಗಳೂರು ಬಿಟ್ಟು ಮೈಸೂರಿಗೆ ಬರುವ ಯೋಚನೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರೂ ಓದಲಿ.

ನೀನು ನೋಡಿರುವ ಮೈಸೂರು ಅಂದರೆ ಅರಮನೆ, ದೇವರಾಜ ಮಾರ್ಕೆಟ್, ಚಾಮುಂಡಿ ಬೆಟ್ಟ. ನಮ್ಮ ಕಡೆಗೆ ಬರಬೇಕಾದರೆ ಹುಣಸೂರು ರಸ್ತೆ ಹಿಡಿದು, ಹಿನಕಲ್ ಹತ್ತಿರ ಹೊರ ವರ್ತುಲ ರಸ್ತೆ ದಾಟಬೇಕು. ಅಲ್ಲಿಂದ ಮುಂದೆ ಹೂಟಗಳ್ಳಿ, ಕೂರ್ಗಳ್ಳಿ, ಬೆಳವಾಡಿ. ಒಂದು ಕಾಲಕ್ಕೆ ಇವೆಲ್ಲ ಬೇರೆ ಬೇರೆ ಹಳ್ಳಿಗಳು, ನಡುವೆ ರಾಗಿ ಹೊಲ. ಈಗ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಅಂತ ಬೋರ್ಡ್ ಓದಿದರೆ ಮಾತ್ರ ಗೊತ್ತಾಗುತ್ತದೆ. ಸಿಟಿಯವರು ನಮ್ಮನ್ನು ಊರಾಚೆಯವರು ಅಂತಾರೆ. ಹುಣಸೂರು ಕಡೆಯ ನೆಂಟರು ಸಿಟಿಯವರು ಅಂತಾರೆ. ನಾವು ಎರಡೂ ಅಲ್ಲ. ನಮ್ಮದು ಬೇರೆಯೇ ಒಂದು ಊರು. ಅದನ್ನು ಹಾಗೆ ನೋಡುವವರು ಕಡಿಮೆ ಅನ್ನೋದೇ ನನ್ನ ಕೊರಗು.

ಹೂಟಗಳ್ಳಿ ಅಂದ ಕೂಡಲೇ ಎಲ್ಲರೂ ಇನ್ಫೋಸಿಸ್ ಹೆಸರು ಹೇಳುತ್ತಾರೆ. ನೀನೂ ಹೇಳಿದೆ. ಆದರೆ ಈ ಕಡೆಗೆ ಜನ ಬಂದು ನೆಲೆಸಿದ್ದು ಕಂಪ್ಯೂಟರ್ ನೋಡಿ ಅಲ್ಲ ಕಣೋ, ಕಬ್ಬಿಣ ನೋಡಿ. ಲಾರಿ, ಬಸ್ಸುಗಳ ಆಕ್ಸಲ್ ಮಾಡುವ ಆಟೋಮೋಟಿವ್ ಆಕ್ಸಲ್ಸ್ ಕಂಪನಿ ಶುರುವಾಗಿದ್ದು 1981ರಲ್ಲಿ. 1984ರಲ್ಲಿ ಬೆಳವಾಡಿ ಕಡೆ ಭಾರೀ ಯಂತ್ರ ತಯಾರಿಸುವ ಬಿಇಎಂಎಲ್ ಕಾರ್ಖಾನೆ ಬಂತು. ಗಣಿಗಳಲ್ಲಿ ಓಡಾಡುವ ಆ ಭಾರೀ ಡಂಪರ್‌ಗಳಿವೆಯಲ್ಲ, ಅವು ತಯಾರಾಗುವುದು ಇಲ್ಲೇ. ಮೇಟಗಳ್ಳಿ ಕಡೆ ಟೈರ್ ಕಾರ್ಖಾನೆ ಮೊದಲೇ ಇತ್ತು. ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ 1996ರಲ್ಲಿ ಕೆಲಸ ಶುರು ಮಾಡಿತು. ನಿನ್ನ ಜೇಬಿನಲ್ಲಿರುವ ನೋಟು ಬಹುಶಃ ನಮ್ಮ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಹೈಟೆಕ್ ಅಂದರೆ ಸಾಫ್ಟ್‌ವೇರ್ ಮಾತ್ರ ಅಂತ ಯಾಕೆ ಅಂದುಕೊಳ್ಳಬೇಕು? ಎಲೆಕ್ಟ್ರಾನಿಕ್ ಬೋರ್ಡ್ ಜೋಡಿಸುವ ಕೇನ್ಸ್ ಕಂಪನಿ ಮೈಸೂರಿನಲ್ಲಿ ಹುಟ್ಟಿದ್ದು 1988ರಲ್ಲಿ. ಇನ್ಫೋಸಿಸ್‌ನ ತರಬೇತಿ ಕೇಂದ್ರ ಬರುವ ಎಷ್ಟೋ ವರ್ಷ ಮೊದಲು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಊರಿನ ಗುಣ ಬಂದಿರುವುದೇ ಅಲ್ಲಿಂದ. ನಮ್ಮ ಹೌಸಿಂಗ್ ಬೋರ್ಡ್ ಕಾಲೊನಿಯಲ್ಲಿ ಬೆಳಗಾಗುವುದು ಫಸ್ಟ್ ಶಿಫ್ಟ್ ಬಸ್ಸಿನಿಂದ. ಇನ್ನೂ ಕತ್ತಲಿರುವಾಗಲೇ ಮೂಲೆಯ ಟೀ ಅಂಗಡಿಯಲ್ಲಿ ದೀಪ ಉರಿಯುತ್ತದೆ. ಊಟದ ಬ್ಯಾಗ್ ಹೆಗಲಿಗೆ ಹಾಕಿಕೊಂಡು, ಕಂಪನಿ ಶರ್ಟಿನ ಮೇಲೆ ಸ್ವೆಟರ್ ಹಾಕಿಕೊಂಡು ಕೆಲಸಗಾರರು ನಿಂತಿರುತ್ತಾರೆ. ಅಲ್ಲಿ ನಡೆಯುವ ಮಾತು ಓವರ್‌ಟೈಮ್, ಪಿಎಫ್, ಮಗಳ ಸಿಇಟಿ ರ‍್ಯಾಂಕು. ನೈಟ್ ಶಿಫ್ಟ್ ಮುಗಿಸಿ ಇಳಿದವರು ಅದೇ ಬೆಂಚಿನಲ್ಲಿ ಕೂತು ಪೇಪರ್ ಓದಿ ಮನೆಗೆ ಹೋಗಿ ಮಲಗುತ್ತಾರೆ. ಆಮೇಲೆ ಮಧ್ಯಾಹ್ನದವರೆಗೂ ಆ ಮನೆಯಲ್ಲಿ ಮಿಕ್ಸಿ ಕೂಡ ಹಾಕುವುದಿಲ್ಲ.

ಆಯುಧಪೂಜೆಗೆ ಒಮ್ಮೆ ಬಾ. ದಸರಾ ಅಂದರೆ ಜನ ಜಂಬೂಸವಾರಿ ನೋಡಲು ಪೇಟೆಗೆ ಹೋಗುತ್ತಾರೆ. ನಮ್ಮೂರಿಗೆ ದೊಡ್ಡ ಹಬ್ಬ ಅದರ ಹಿಂದಿನ ದಿನವೇ. ಎಷ್ಟೋ ಕಾರ್ಖಾನೆಗಳು ಅವತ್ತು ಕೆಲಸಗಾರರ ಮನೆಯವರನ್ನು ಒಳಗೆ ಬಿಡುತ್ತವೆ. ಮೆಷಿನ್‌ಗಳನ್ನು ಎಣ್ಣೆ ಜಿಡ್ಡು ಹೋಗುವ ಹಾಗೆ ಉಜ್ಜಿ, ಬಾಳೆಕಂದು ಕಟ್ಟಿ, ವಿಭೂತಿ ಎಳೆದು, ಸೇವಂತಿಗೆ ಹಾರ ಹಾಕಿರುತ್ತಾರೆ. ಗೇಟಿನ ಮುಂದೆ ಕುಂಕುಮ ತುಂಬಿದ ಬೂದುಗುಂಬಳ ಒಡೆಯುತ್ತಾರೆ. ಒಬ್ಬ ಲೇತ್ ಆಪರೇಟರ್ ತನ್ನ ಹೆಂಡತಿಗೆ, ಮಕ್ಕಳಿಗೆ "ಇದೇ ನನ್ನ ಮೆಷಿನ್ನು" ಅಂತ ತೋರಿಸುವುದನ್ನು ನಾನು ನೋಡಿದ್ದೇನೆ. ಮಗು ಹತ್ತಿರ ಹೋಗಿ ಹಾರ ಮುಟ್ಟಿತು. ಅವನ ಮುಖ ನೋಡಬೇಕಿತ್ತು. ಸಂಜೆ ಪುರಿ, ಕಡಲೆ, ಸಿಹಿ ಪ್ಯಾಕೆಟ್ ಹಿಡಿದು ಎಲ್ಲರೂ ನಡೆದುಕೊಂಡು ಮನೆಗೆ ಬರುತ್ತಾರೆ.

ಇನ್ನು ಇನ್ಫೋಸಿಸ್. ಅದು ಹೆಬ್ಬಾಳು ಕಡೆ, ಸುಮಾರು 350 ಎಕರೆಯ ಕ್ಯಾಂಪಸ್. ಒಳಗೆ ಗೋಳದ ಆಕಾರದ ಸಿನಿಮಾ ಮಂದಿರವಿದೆ, ಸಾಲುಕಂಬದ ದೊಡ್ಡ ತರಬೇತಿ ಕಟ್ಟಡವಿದೆ. ಅದರ ಎರಡನೇ ತರಬೇತಿ ಕೇಂದ್ರ 2009ರಲ್ಲಿ ಉದ್ಘಾಟನೆಯಾಯಿತು. ಒಂದೇ ಸಲಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಹುಡುಗ ಹುಡುಗಿಯರು ಅಲ್ಲಿದ್ದು ಕಲಿಯಬಹುದು. ಇಡೀ ದೇಶದಿಂದ ಬರುತ್ತಾರೆ, ಕೆಲವು ತಿಂಗಳು ಇರುತ್ತಾರೆ, ಚೆನ್ನೈಗೋ ಪುಣೆಗೋ ಹೋಗುತ್ತಾರೆ. ಅವರಿಗೆ ಎಲ್ಲವೂ ಗೇಟಿನೊಳಗೇ ಸಿಗುತ್ತದೆ. ಹಾಗಾಗಿ ಹೂಟಗಳ್ಳಿ ಅವರ ಮಟ್ಟಿಗೆ ಬಸ್ಸಿನ ಕಿಟಕಿಯಲ್ಲಿ ಹಾದುಹೋಗುವ ಊರು. ಬೇಜಾರಾಗುವುದು ಅದಕ್ಕೇ. ಇಷ್ಟು ಚುರುಕಿನ ಮಕ್ಕಳು ಪಕ್ಕದಲ್ಲೇ ಇದ್ದರೂ ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗೂ ಅವರಿಗೂ ಮಾತುಕತೆ ಆಗುವುದೇ ಅಪರೂಪ. ಒಂದು ಒಳ್ಳೆಯ ಕೆಲಸ ಮಾತ್ರ ಹೇಳಲೇಬೇಕು. ಹೊಲಸು ನೀರು ತುಂಬಿ ಮೂಗು ಮುಚ್ಚಿಕೊಂಡು ಓಡಾಡಬೇಕಾಗಿದ್ದ ಹೆಬ್ಬಾಳು ಕೆರೆಯನ್ನು ಇನ್ಫೋಸಿಸ್ ಫೌಂಡೇಶನ್ ಕೈಗೆತ್ತಿಕೊಂಡು ಸರಿಮಾಡಿಸಿತು. ಈಗ ಅಲ್ಲಿ ವಾಕಿಂಗ್ ಮಾಡಬಹುದು, ಹಕ್ಕಿ ನೋಡಬಹುದು.

2024ರ ಡಿಸೆಂಬರ್ 31ರಂದು ಅದೇ ಕ್ಯಾಂಪಸ್ಸಿನಲ್ಲಿ ಚಿರತೆ ಕಾಣಿಸಿಕೊಂಡಿದ್ದು ನೀನೂ ಟಿವಿಯಲ್ಲಿ ನೋಡಿರಬೇಕು. ಎಲ್ಲರನ್ನೂ ಮನೆಯಿಂದಲೇ ಕೆಲಸ ಮಾಡಿ ಅಂದರು. ಅರಣ್ಯ ಇಲಾಖೆಯವರು ಎಷ್ಟೋ ದಿನ ಹುಡುಕಿದರು, ಸಿಗಲಿಲ್ಲ. ಹಳಬರಿಗೆ ಇದೇನೂ ಆಶ್ಚರ್ಯ ಅನ್ನಿಸಲಿಲ್ಲ. ಕುರುಚಲು ಕಾಡು, ಕಲ್ಲು ಬಾರೆ ಇದ್ದ ಜಾಗ ಇದು. ಕಾಂಪೌಂಡ್ ಕಟ್ಟಿದ್ದು ನಾವು, ಚಿರತೆಗೆ ಅದು ಹೇಗೆ ಗೊತ್ತಾಗಬೇಕು?

ಹಳಬರು ಅಂದೆ. ಕೈಗಾರಿಕಾ ಪ್ರದೇಶಕ್ಕೆ ಜಮೀನು ಕೊಟ್ಟವರು ಅವರೇ. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜ ಇದ್ದಾರೆ. ಹೊಲ ಹೋಯಿತು, ಪರಿಹಾರದ ದುಡ್ಡಿನಲ್ಲಿ ಮಕ್ಕಳು ಪಿಜಿ ಕಟ್ಟಿದರು. ಅಜ್ಜ ಮಾತ್ರ ಎರಡು ಹಸು ಬಿಟ್ಟಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಪಿಜಿಯ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಒಡಿಶಾದ ಹುಡುಗರು, ಆಂಧ್ರದ ಹುಡುಗರು "ತಾತಾ" ಅಂತ ಮಾತಾಡಿಸಿಕೊಂಡು ಹೋಗುತ್ತಾರೆ. ಸಂಕ್ರಾಂತಿ ಸಂಜೆ ಹಸುಗಳ ಮೈತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಟೇಪು ಕಟ್ಟಿ ಕಿಚ್ಚು ಹಾಯಿಸಲು ಹೊರಡುತ್ತಾರೆ. ಆಗ ಆ ಹುಡುಗರೆಲ್ಲ ಮೊಬೈಲ್ ಹಿಡಿದು ಹಿಂದೆ. ಇದೇ ರಸ್ತೆಯಲ್ಲಿ ಸ್ವಲ್ಪ ಮುಂದೆ ಇಲವಾಲವಿದೆಯಲ್ಲ, ಅಲ್ಲಿ 1957ರಲ್ಲಿ ವಿನೋಬಾ ಭಾವೆ, ನೆಹರು, ರಾಜೇಂದ್ರ ಪ್ರಸಾದ್ ಎಲ್ಲ ಸೇರಿ ಗ್ರಾಮದಾನದ ಬಗ್ಗೆ ಸಮ್ಮೇಳನ ನಡೆಸಿದ್ದರು. ಭೂಮಿ ಎಲ್ಲರದೂ ಆಗಲಿ ಅಂತ ಮಾತಾಡಿದ ಜಾಗ. ಈಗ ಆ ರಸ್ತೆಯ ಎರಡೂ ಕಡೆ ಲೇಔಟ್ ಬೋರ್ಡುಗಳೇ. ಮನಸ್ಸಿಗೆ ಏನೋ ಕಸಿವಿಸಿ.

ಈಗ ನೀನು ಗಮನವಿಟ್ಟು ಓದಬೇಕಾದ ವಿಷಯ. ನೀರು ಮತ್ತು ಚರಂಡಿ.

1898ರ ಸುಮಾರಿಗೆ ಮೈಸೂರಿಗೆ ಪ್ಲೇಗ್ ಬಡಿಯಿತು. ಜನ ಸತ್ತರು, ಊರು ಬಿಟ್ಟರು. ಅದರಿಂದ ಪಾಠ ಕಲಿತು 1903ರಲ್ಲಿ ನಗರ ಸುಧಾರಣೆಗೆ ಅಂತಲೇ ಒಂದು ಟ್ರಸ್ಟ್ ಬೋರ್ಡ್ ಮಾಡಿದರು. ದೇಶದಲ್ಲೇ ಇಂಥ ಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಹಳೇ ಬಡಾವಣೆಗಳಲ್ಲಿ ಓಡಾಡಿ ನೋಡು. ಅಗಲ ರಸ್ತೆ, ಮರ, ಮನೆಗಳ ಸಾಲಿನ ಹಿಂದೆ ಕಸ, ಕೊಳೆ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ. ಮೊದಲು ಗಾಳಿ ಬೆಳಕು, ಕೊಳೆ ನೀರಿಗೆ ದಾರಿ. ಆಮೇಲೆ ಮನೆ. ಅದೇ ಮೈಸೂರಿನ ಅಂಚಿನಲ್ಲಿ ಈಗ ನಡೆಯುವುದು ತಲೆಕೆಳಗು. ಮೊದಲು ಸೈಟು, ಆಮೇಲೆ ಮನೆ, ಅದಾದ ಮೇಲೆ ರಸ್ತೆ, ಕೊನೆಗೆ ಯುಜಿಡಿ, ಅಂದರೆ ಒಳಚರಂಡಿ. ಎಷ್ಟೋ ಖಾಸಗಿ ಲೇಔಟ್‌ಗಳಲ್ಲಿ ಒಳಚರಂಡಿ ಪೈಪು ಲೇಔಟಿನ ಗಡಿಗೆ ಬಂದು ನಿಂತುಬಿಡುತ್ತದೆ. ಮುಂದೆ ಸೇರಲು ದೊಡ್ಡ ಲೈನೇ ಇರುವುದಿಲ್ಲ. ಆ ನೀರು ಇಳಿಜಾರು ಹುಡುಕಿಕೊಂಡು ಹೋಗುತ್ತದೆ. ಇಳಿಜಾರಿನ ಕೊನೆಯಲ್ಲಿರುವುದು ಕೆರೆ. ಒಂದು ಕಡೆ ಕೋಟಿಗಟ್ಟಲೆ ಸುರಿದು ಕೆರೆ ಉಳಿಸುವುದು, ಇನ್ನೊಂದು ಕಡೆ ಇನ್ನೊಂದು ಕೆರೆಗೆ ಕೊಳೆ ಬಿಡುವುದು. ಇದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಈ ಮೈಸೂರು 2015, 2016ರಲ್ಲಿ ದೇಶದ ಸ್ವಚ್ಛ ನಗರ ಅಂತ ಮೊದಲ ಸ್ಥಾನ ಪಡೆದ ಊರು ಕಣೋ. ಅಂಚಿನವರಿಗೆ ಆ ಮರ್ಯಾದೆ ಬೇಡವಾ?

ನೀರಿನ ಕಥೆಯೂ ಹಾಗೇ. ಕೆಆರ್‌ಎಸ್ ನಮ್ಮಿಂದ ಅರ್ಧ ಗಂಟೆಯ ದಾರಿ. ಅಣೆಕಟ್ಟು 124.80 ಅಡಿ ತುಂಬಿತು ಅಂದರೆ ನಾವೂ ಎಲ್ಲರ ಹಾಗೆ ಬಾಗಿನದ ಫೋಟೋ ನೋಡಿ ಖುಷಿಪಡುತ್ತೇವೆ. ಆದರೆ ಕಾವೇರಿ ನೀರು ನಲ್ಲಿಗೆ ದಿನಾ ಬರುವುದಿಲ್ಲ. ಬರುವ ದಿನ ವಾಲ್ವ್‌ಮನ್ ಯಾವ ಹೊತ್ತಿಗೆ ಬಿಡುತ್ತಾನೋ ಅಂತ ಬೀದಿಯೆಲ್ಲ ಕಾಯುತ್ತದೆ. ನಡುರಾತ್ರಿ ನೆಲದಡಿಯ ಸಂಪಿನೊಳಗೆ ನೀರು ಬೀಳುವ ಸದ್ದಾದರೆ ಮನೆಯವಳು ಎದ್ದು ಕುಡಿಯುವ ನೀರಿನ ಬಿಂದಿಗೆಗಳನ್ನು ಮೊದಲು ತುಂಬಿಸುತ್ತಾಳೆ, ಸಂಪು ಆಮೇಲೆ. ಉಳಿದ ದಿನ ಬೋರ್‌ವೆಲ್. ಆ ನೀರು ಗಡಸು, ಬೇಳೆ ಬೇಯುವುದಿಲ್ಲ, ಗೀಸರ್ ಒಳಗೆಲ್ಲ ಬಿಳಿ ಪೊರೆ. ಹೊಸ ಲೇಔಟ್‌ಗಳಲ್ಲಿ ಬೇಸಿಗೆ ಬಂದರೆ ಟ್ಯಾಂಕರೇ ಗತಿ. ಕೆಆರ್‌ಎಸ್ ಹಿನ್ನೀರಿನಿಂದ ನೀರೆತ್ತಿ ನಮ್ಮ ಕಡೆಗೆಲ್ಲ ಕೊಡುವ 'ಹಳೇ ಉಂಡುವಾಡಿ' ಅನ್ನುವ ಊರಿನ ಹೆಸರಿನ ಯೋಜನೆಯ ಮೇಲೆ ಎಲ್ಲರೂ ಆಸೆ ಇಟ್ಟಿದ್ದಾರೆ. ನಲ್ಲಿಯಲ್ಲಿ ಬಂದ ದಿನ ನಾನೂ ನಂಬುತ್ತೇನೆ.

ಇದಕ್ಕೆಲ್ಲ ಯಾರನ್ನು ಕೇಳಬೇಕು? ಗ್ರಾಮ ಪಂಚಾಯಿತಿಗಳಾಗಿದ್ದ ನಮ್ಮನ್ನು 2020-21ರ ಹೊತ್ತಿಗೆ ಸೇರಿಸಿ ಹೂಟಗಳ್ಳಿ ನಗರಸಭೆ ಮಾಡಿದರು. ಅದೇ ಸಮಯಕ್ಕೆ ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ತೆರಿಗೆ ನಗರದ ಲೆಕ್ಕಕ್ಕೆ ಬಂತು. ಚುನಾವಣೆ ಮಾತ್ರ ಆಗಲಿಲ್ಲ, ಅಧಿಕಾರಿಗಳ ಕೈಯಲ್ಲೇ ವರ್ಷಗಳು ಕಳೆದವು. ಪಂಚಾಯಿತಿ ಇದ್ದಾಗ ಮೆಂಬರ್ ಮನೆ ಬಾಗಿಲಿಗೆ ಹೋಗಿ "ಏನಪ್ಪಾ, ಬೀದಿದೀಪ ಕೆಟ್ಟು ಎಷ್ಟು ದಿನ ಆಯ್ತು" ಅಂತ ಕೇಳಬಹುದಿತ್ತು. ಆ ಬಾಗಿಲೇ ಇಲ್ಲದಂತಾಯಿತು. ಆಮೇಲೆ ಎಲ್ಲವನ್ನೂ ಸೇರಿಸಿ ಬೃಹತ್ ಮೈಸೂರು ಮಾಡುವ ಮಾತು ಬಂತು. ಮಾಡಲಿ, ನನಗೇನೂ ಬೇಡ ಅಂತಿಲ್ಲ. ಆದರೆ ಇಷ್ಟು ಕಾರ್ಖಾನೆ, ಇಷ್ಟು ಕಂಪನಿ, ಇಷ್ಟು ದುಡಿಯುವ ಕೈಗಳಿರುವ ಊರಿಗೆ ಒಂದು ಒಳ್ಳೆಯ ಗ್ರಂಥಾಲಯ, ಸಂಜೆ ಜನ ಸೇರುವ ಒಂದು ಮೈದಾನ, ವಾರ್ಡಿಗೊಬ್ಬ ಕೇಳುವವನು ಬೇಕು. ಬೇರೆ ಊರಿಗೆ ಬಾಲವಾಗಿ ಅಲ್ಲ, ಊರಾಗಿಯೇ ಬೇಕು.

ನಿನ್ನ ಆಫೀಸಿನ ಚಿಂತೆ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್ ವೇ ಉದ್ಘಾಟನೆಯಾದ ಮೇಲೆ ಬೆಂಗಳೂರು ಹತ್ತಿರವಾಗಿದೆ ನಿಜ. ವಾರಕ್ಕೊಮ್ಮೆ ಹೋಗಿಬರುವುದಾದರೆ ಸುಲಭ. ದಿನಾ ಹೋಗಿಬರುತ್ತೇನೆ ಅಂದರೆ ಬೇಡ, ಮೈ ಕೆಡುತ್ತದೆ. ಅಲ್ಲದೆ ಬೆಂಗಳೂರಿನ ಅಂಚಿನ ಕೆಂಗೇರಿಯಿಂದ ನಿನ್ನ ಆಫೀಸಿಗೆ ಹೋಗುವುದೇ ಇನ್ನೊಂದು ಪ್ರಯಾಣ. ವಾರದ ಕೊನೆಗೆ ಕೊಡಗಿಗೆ ಹೋಗುವ ಕಾರುಗಳೆಲ್ಲ ನಮ್ಮ ರಸ್ತೆಯಲ್ಲೇ ಹೋಗುತ್ತವೆ ಅನ್ನುವುದೂ ನೆನಪಿರಲಿ.

ಹಾಗಾದರೆ ಮನೆ ತಗೋ ಅಂತೀಯಾ ಅಂತ ಕೇಳಿದರೆ, ತಗೋ ಅಂತೀನಿ. ಬಂದು ಇರುವುದಾದರೆ ಮಾತ್ರ. ರೇಟು ಏರುತ್ತದೆ ಅಂತ ಸೈಟು ತಗೊಂಡು ಪಾರ್ಥೇನಿಯಂ ಬೆಳೆಯಲು ಬಿಟ್ಟಿರುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರಿಂದ ಊರಿಗೆ ಹಾವು, ಸೊಳ್ಳೆ ಬಿಟ್ಟರೆ ಬೇರೇನೂ ಸಿಕ್ಕಿಲ್ಲ. ನೀನು ಬಂದರೆ ವೋಟರ್ ಲಿಸ್ಟಿಗೂ ಇಲ್ಲೇ ಹೆಸರು ಸೇರಿಸು. ನೀರಿನ ಅರ್ಜಿಗೆ ಸಹಿ ಹಾಕಲು ಇನ್ನೊಬ್ಬ ಸಿಗುತ್ತಾನೆ.

ನೋಡಲು ಬರುವುದಾದರೆ ಮಳೆಗಾಲದಲ್ಲೇ ಬಾ. ಜೋರು ಮಳೆಯ ಮರುದಿನ ಆ ಲೇಔಟಿಗೆ ಹೋಗಿ ನೀರು ಎಲ್ಲಿ ನಿಂತಿದೆ ಅಂತ ನೋಡೋಣ. ಬ್ರೋಕರ್ ಮಾತು ಕೇಳಬೇಡ, ಪಕ್ಕದ ಮನೆಯ ಹೆಂಗಸರನ್ನು ಕೇಳು: ನೀರು ಎಷ್ಟು ದಿನಕ್ಕೊಮ್ಮೆ, ಟ್ಯಾಂಕರಿಗೆ ಎಷ್ಟು ಕೊಡ್ತೀರಿ, ಯುಜಿಡಿ ಎಲ್ಲಿಗೆ ಸೇರಿದೆ. ಖಾತಾ ಯಾವುದು, ಲೇಔಟಿಗೆ ಅಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಇದೆಯಾ, ಸರ್ವೆ ನಂಬರ್ ಕೆರೆಯದ್ದೋ ರಾಜಕಾಲುವೆಯದ್ದೋ ಅಲ್ಲ ತಾನೇ, ಇವನ್ನು ವಕೀಲರ ಹತ್ತಿರ ನೋಡಿಸೋಣ. ನನಗೆ ಗೊತ್ತಿರುವ ಒಬ್ಬರು ಇದ್ದಾರೆ, ನಿಧಾನ, ಆದರೆ ಒಂದು ಕಾಗದವನ್ನೂ ಬಿಡದೆ ಓದುತ್ತಾರೆ. ಹೋಟೆಲ್ ರೂಮು ಮಾಡಬೇಡ, ನಮ್ಮನೆಯಲ್ಲೇ ಉಳ್ಕೋ. ಅತ್ತಿಗೆಯನ್ನೂ ಕರ್ಕೊಂಡು ಬಾ, ಊರು ಅವರಿಗೂ ಒಗ್ಗಬೇಕಲ್ವಾ.

ನಿನ್ನ ಪ್ರೀತಿಯ ಗೆಳೆಯ,
ಹೌಸಿಂಗ್ ಬೋರ್ಡ್ ಕಾಲೊನಿ, ಹೂಟಗಳ್ಳಿ